ಕಿವಿ ಕೇಳದ ಮಕ್ಕಳು ಮತ್ತು ತಂದೆತಾಯಿಯರ ಮುಂದಾಳ್ತನ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಅಲ್ಲ. ಹುಟ್ಟಿದ ಪ್ರತಿಯೊಂದು ಮಗುವೂ ನೋಡಿ, ಕೇಳಿ, ನುಡಿದು, ಕಲಿತು, ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಬೆಳೆಸುವುದೂ ಅದರ ಅಂಗವೇ ಆಗಿದೆ. ಕಣ್ಣು ಕಾಣದ ಮಗುವನ್ನು ಮನೆಯವರು ಬೇಗ ಗುರುತಿಸುತ್ತಾರೆ. ಕಾಲು ಸ್ವಾಧೀನವಿಲ್ಲದ ಮಗುವನ್ನು ನೆರೆಯವರೂ ಗುರುತಿಸುತ್ತಾರೆ. ಆದರೆ ಕಿವಿ ಕೇಳದ ಮಗುವು ಉಳಿದ ಮಕ್ಕಳಂತೆಯೇ ನಗುತ್ತದೆ, ಅಳುತ್ತದೆ, ಅಂಬೆಗಾಲಿಡುತ್ತದೆ. ಅದರ ಕೊರತೆ ಹೊರಗೆ ಕಾಣಿಸದು. ಕಾಣಿಸದ ಕಾರಣದಿಂದಲೇ ಅಮೂಲ್ಯವಾದ ಮೊದಲ ವರ್ಷಗಳು ಕೈತಪ್ಪಿ ಹೋಗುತ್ತವೆ. ಅಂತಹ ಮಗುವಿಗೆ ಮನೆಯವರು ಏನು ಮಾಡಬೇಕು, ಅಂತಹ ಮನೆಗಳು ಒಂದುಗೂಡಿ ಏನು ಮಾಡಬಹುದು, ಆ ಕೆಲಸಕ್ಕೆ ಮುಂದಾಗುವವರು ಹೇಗಿರಬೇಕು ಎಂಬುದೇ ಈ ಪಾಠದ ವಿಷಯ.

1. ಒಂದು ಮನೆಯ ಚಿತ್ರ

ಅಂಕೋಲೆ ಪಟ್ಟಣದ ಸಮೀಪದ ಬೊಬ್ರುವಾಡದಲ್ಲಿ ಒಂದು ಮನೆಯಿದೆಯೆಂದು ಭಾವಿಸೋಣ. ಗಂಡ ದುಡಿಮೆಗೆ ಹೋಗುತ್ತಾನೆ, ಹೆಂಡತಿ ಮನೆ ಮತ್ತು ಗದ್ದೆಯ ಕೆಲಸ ನೋಡಿಕೊಳ್ಳುತ್ತಾಳೆ. ಅವರಿಗೆ ಹತ್ತು ತಿಂಗಳಿನ ಮಗುವಿದೆ. ಬಂಡಿಹಬ್ಬದ ದಿನ ವಾದ್ಯಗಳು ಮನೆಯ ಮುಂದೆಯೇ ಮೊಳಗಿದರೂ ತೊಟ್ಟಿಲಿನಲ್ಲಿದ್ದ ಮಗು ಕದಲಲಿಲ್ಲ. "ಎಷ್ಟು ಒಳ್ಳೆಯ ನಿದ್ದೆ!" ಎಂದು ಬಂದವರು ಮೆಚ್ಚಿಕೊಂಡರು. ತಾಯಿಯ ಮನಸ್ಸಿನಲ್ಲಿ ಮಾತ್ರ ಒಂದು ಅನುಮಾನ ಮೂಡಿತು. ಮರುದಿನ ಅವಳು ಮಗುವಿನ ಬೆನ್ನ ಹಿಂದೆ ನಿಂತು ಪಾತ್ರೆಯೊಂದನ್ನು ಬಡಿದು ನೋಡಿದಳು. ಮಗು ತಿರುಗಲಿಲ್ಲ.

ಅವಳು ಅತ್ತೆಗೆ ಹೇಳಿದಳು. "ಸುಮ್ಮನಿರು ಮಗಳೇ, ಇದರ ಅಪ್ಪನೂ ಮೂರು ವರ್ಷಕ್ಕೆ ಮಾತು ಕಲಿತವನು" ಎಂದು ಅತ್ತೆ ಸಮಾಧಾನ ಹೇಳಿದರು. ಗಂಡನಿಗೆ ಹೇಳಿದಳು. "ಮಳೆಗಾಲ ಮುಗಿಯಲಿ, ನೋಡೋಣ" ಎಂದನು. ಅತ್ತೆಯ ಮಾತಿನಲ್ಲಿ ಪ್ರೀತಿಯಿತ್ತು. ಗಂಡನ ಮಾತಿನಲ್ಲಿ ದುಡಿಮೆಯ ಚಿಂತೆಯಿತ್ತು. ಇಬ್ಬರದೂ ದುರುದ್ದೇಶವಲ್ಲ. ಆದರೆ ಮಗುವಿನ ಮಿದುಳು ಮಳೆಗಾಲ ಮುಗಿಯುವವರೆಗೆ ಕಾಯುವುದಿಲ್ಲ. ಈ ಒಂದು ಮಾತನ್ನು ಅರಿಯದೆ ಅದೆಷ್ಟೋ ಮನೆಗಳಲ್ಲಿ ವರ್ಷಗಳು ಉರುಳಿಹೋಗಿವೆ.

2. ಬೇಗ ಗುರುತಿಸುವುದು ಏಕೆ ಆವಶ್ಯಕ?

ಮಾತು ನಾಲಿಗೆಯಿಂದ ಆರಂಭವಾಗುವುದಿಲ್ಲ, ಕಿವಿಯಿಂದ ಆರಂಭವಾಗುತ್ತದೆ. ಕೇಳಿದ್ದನ್ನೇ ಮಗು ನುಡಿಯುತ್ತದೆ. ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಮಿದುಳಿನ ಶ್ರವಣ ಕೇಂದ್ರವು ಧ್ವನಿಗಳನ್ನು ಬೇರ್ಪಡಿಸಿ, ಅರ್ಥ ಕೂಡಿಸಿ, ಭಾಷೆಯ ಬುನಾದಿ ಹಾಕಿಕೊಳ್ಳುತ್ತದೆ. ಆ ಕಾಲದಲ್ಲಿ ಧ್ವನಿಯಾಗಲಿ, ಅದಿಲ್ಲವಾದರೆ ಕೈಸನ್ನೆಯ ಭಾಷೆಯಾಗಲಿ ದೊರೆಯದಿದ್ದರೆ ಮುಂದೆ ಭಾಷೆಯನ್ನು ಕಲಿಯುವುದು ಬಹಳ ಕಷ್ಟವಾಗುತ್ತದೆ. 1998ರಲ್ಲಿ ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ನಡೆದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಆರು ತಿಂಗಳೊಳಗೆ ದೋಷವನ್ನು ಗುರುತಿಸಿ ನೆರವು ನೀಡಿದ ಮಕ್ಕಳು, ತಡವಾಗಿ ಗುರುತಿಸಿದ ಮಕ್ಕಳಿಗಿಂತ ಭಾಷೆಯಲ್ಲಿ ಬಹಳ ಮುಂದಿದ್ದುದು ಕಂಡುಬಂದಿತು. ಆದ್ದರಿಂದಲೇ ತಜ್ಞರು ಒಂದು, ಮೂರು, ಆರು ಎಂಬ ಸೂತ್ರವನ್ನು ಹೇಳುತ್ತಾರೆ. ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ.

ಮನೆಯಲ್ಲಿಯೇ ಗಮನಿಸಬಹುದಾದ ಸಂಗತಿಗಳು ಇವು:

(ಅ) ಹುಟ್ಟಿದ ಮಗು ದೊಡ್ಡ ಸಪ್ಪಳಕ್ಕೆ ಬೆಚ್ಚಬೇಕು.
(ಆ) ಮೂರು ತಿಂಗಳ ಸುಮಾರಿಗೆ ತಾಯಿಯ ದನಿ ಕೇಳಿ ಅಳು ನಿಲ್ಲಿಸಬೇಕು ಅಥವಾ ನಗಬೇಕು.
(ಇ) ಆರು ತಿಂಗಳ ಸುಮಾರಿಗೆ ಸಪ್ಪಳ ಬಂದ ಕಡೆಗೆ ತಲೆ ತಿರುಗಿಸಬೇಕು.
(ಈ) ಒಂದು ವರ್ಷಕ್ಕೆ ತನ್ನ ಹೆಸರಿಗೆ ಓಗೊಡಬೇಕು, ಒಂದೆರಡು ಮಾತನ್ನಾದರೂ ಆಡತೊಡಗಬೇಕು.
(ಉ) ಎರಡು ವರ್ಷಕ್ಕೆ ಎರಡು ಮಾತುಗಳನ್ನು ಜೋಡಿಸಿ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ "ಊಂ, ಆಂ" ಎಂದು ದನಿ ಮಾಡುತ್ತದೆ. ದನಿ ಬರುತ್ತದೆಯಾದ್ದರಿಂದ ಕಿವಿ ಕೇಳುತ್ತದೆ ಎಂದು ತಿಳಿಯುವುದು ತಪ್ಪು. ಅಂತೆಯೇ "ಕಿವುಡ-ಮೂಗ" ಎಂಬ ಹಳೆಯ ಮಾತೂ ತಪ್ಪೇ. ಬಹುಪಾಲು ಮಕ್ಕಳ ಗಂಟಲು, ನಾಲಿಗೆಗಳಲ್ಲಿ ಯಾವ ದೋಷವೂ ಇರುವುದಿಲ್ಲ. ಕೇಳದ ಕಾರಣ ನುಡಿ ಬಂದಿಲ್ಲ, ಅಷ್ಟೆ. ಇಂತಹ ಮಗುವಿಗೆ ನಾಲಿಗೆಯ ಕೆಳಗೆ ಕೊಯ್ಯಿಸಿದರೆ ಮಾತು ಬರುವುದಿಲ್ಲ.

ಶ್ರವಣ ಪರೀಕ್ಷೆಯಿಂದ ಮಗುವಿಗೆ ನೋವಾಗುವುದಿಲ್ಲ. ಓ.ಎ.ಇ. ಎಂಬ ಪರೀಕ್ಷೆಯಲ್ಲಿ ಕಿವಿಯೊಳಗೆ ಮೃದುವಾದ ಚಿಕ್ಕ ನಳಿಕೆಯನ್ನಿಟ್ಟು ಕೆಲವು ನಿಮಿಷಗಳಲ್ಲಿ ನೋಡುತ್ತಾರೆ. ಬೆರಾ ಎಂಬ ಪರೀಕ್ಷೆಯನ್ನು ಮಗು ಮಲಗಿರುವಾಗ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ ಮಾಡುತ್ತಾರೆ. ಹಸುಳೆಯೆಂಬ ಕಾರಣದಿಂದ ಪರೀಕ್ಷೆಯನ್ನು ಮುಂದೂಡಬೇಕಾಗಿಲ್ಲ.

3. ಕಾರಣಗಳು ಮತ್ತು ತಡೆಗಟ್ಟುವಿಕೆ

ಬಾಲ್ಯದ ಶ್ರವಣದೋಷದಲ್ಲಿ ಸುಮಾರು ಶೇಕಡಾ 60ರಷ್ಟನ್ನು ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಡೆಯುವ ಕೆಲಸ ಮದುವೆಯ ಕಾಲದಿಂದಲೇ ಆರಂಭವಾಗಬೇಕು.

ಸೋದರಮಾವ-ಸೊಸೆ ಮುಂತಾದ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುವ ಮಕ್ಕಳಿಗೆ ವಂಶವಾಹಿಯ ಶ್ರವಣದೋಷ ಬರುವ ಸಂಭವ ಹೆಚ್ಚು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಸೋಂಕು ತಗುಲಿದರೆ ಮಗುವಿನ ಕಿವಿ, ಕಣ್ಣು, ಹೃದಯ ಮೂರಕ್ಕೂ ಅಪಾಯ. ಇದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಮ್ಮ ರಾಜ್ಯದಲ್ಲಿ 2017ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದು ಈಗ ಮಕ್ಕಳ ಲಸಿಕೆಗಳ ಪಟ್ಟಿಯಲ್ಲಿಯೇ ಸೇರಿದೆ. ಹುಟ್ಟಿದ ಕೂಡಲೇ ಅಳದ ಮಗು, ಬಹಳ ಕಡಿಮೆ ತೂಕದ ಮಗು, ತೀವ್ರ ಕಾಮಾಲೆಯಾದ ಮಗು, ಮಿದುಳು ಪೊರೆಯ ಜ್ವರ ಬಂದ ಮಗು, ಇವರೆಲ್ಲರ ಶ್ರವಣ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಕೆಲವು ಪ್ರಬಲ ಚುಚ್ಚುಮದ್ದುಗಳು ಒಳಗಿವಿಗೆ ಹಾನಿ ಮಾಡುವುದುಂಟು. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಯಾವ ಚುಚ್ಚುಮದ್ದನ್ನೂ ಹಾಕಿಸಬಾರದು.

ಹುಟ್ಟಿದ ಮೇಲೆ ಬರುವ ಕಿವುಡಿಗೆ ಸೋರುವ ಕಿವಿ ಮುಖ್ಯ ಕಾರಣಗಳಲ್ಲೊಂದು. ಕಿವಿಗೆ ಬಿಸಿ ಎಣ್ಣೆ ಹುಯ್ಯುವುದು, ಕಡ್ಡಿ, ಕೂದಲಿನ ಪಿನ್ನು ಹಾಕಿ ಕೆದಕುವುದು, ಸೋರುವ ಕಿವಿಯ ಮಕ್ಕಳನ್ನು ಕೆರೆ, ಹಳ್ಳ, ಸಮುದ್ರದ ನೀರಿನಲ್ಲಿ ಮುಳುಗಿ ಆಡಗೊಡುವುದು, ಇವನ್ನೆಲ್ಲ ಬಿಡಬೇಕು.

ಹೀಗೆ ಕಾರಣಗಳನ್ನು ಹೇಳಿದುದು ಯಾರನ್ನೂ ದೂಷಿಸಲು ಅಲ್ಲ. ಅನೇಕ ವೇಳೆ ಕಾರಣವೇ ತಿಳಿಯುವುದಿಲ್ಲ. ಕಿವಿ ಕೇಳದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿ ಕಿವಿ ಕೇಳುವ ತಂದೆತಾಯಿಯರಿಗೇ ಹುಟ್ಟಿದವರು. ಗ್ರಹಣದಲ್ಲಿ ಹೊರಗೆ ಬಂದಳು, ನಾಗನ ದೋಷ ತಟ್ಟಿತು ಎಂದು ತಾಯಿಯ ಮೇಲೆ ಹೊರೆ ಹೊರಿಸುವುದು ಅನ್ಯಾಯ. ಆ ಮಾತಿನಿಂದ ಮಗುವಿಗೆ ಏನೂ ದೊರೆಯುವುದಿಲ್ಲ. ಮಗುವಿಗೆ ಕಲಿಸಬೇಕಾದ ತಾಯಿಯ ಶಕ್ತಿ ಮಾತ್ರ ಕುಂದುತ್ತದೆ.

4. ನಮ್ಮ ನಾಡಿನಲ್ಲಿ ಈ ಕೆಲಸ ಬೆಳೆದ ಬಗೆ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ನಮ್ಮ ದೇಶದ ಮೊದಲ ಕಿವುಡ ಮಕ್ಕಳ ಶಾಲೆಗಳಲ್ಲೊಂದು 1880ರ ದಶಕದಲ್ಲಿ ಮುಂಬಯಿಯಲ್ಲಿಯೇ ಆರಂಭವಾಯಿತು. ಆದರೆ ಅಂಕೋಲೆಯ ಒಬ್ಬ ರೈತನ ಮಗುವಿಗೆ ಆ ಶಾಲೆ ಎಟುಕುವಂತಿರಲಿಲ್ಲ. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಶಾಲೆ ಪ್ರಾರಂಭವಾಯಿತು. ಆಗ ಅದೂ ಬೇರೊಂದು ಸಂಸ್ಥಾನದ ಶಾಲೆಯಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿದ ಮೇಲೆ ಮೈಸೂರು ನಮ್ಮದೂ ಆಯಿತು.

1965ರಲ್ಲಿ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಮಂತ್ರಾಲಯದ ಅಡಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. ಡಾ. ಬಿ. ಎಂ. ರಾವ್ ಅವರು ಅದರ ಮೊದಲ ನಿರ್ದೇಶಕರು. ಮಾನಸಗಂಗೋತ್ರಿಯ ಆವರಣದಲ್ಲಿರುವ ಈ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಶ್ರವಣ ಸಾಧನ, ಮಾತಿನ ತರಬೇತಿ, ಚಿಕ್ಕ ಮಕ್ಕಳ ಪೂರ್ವಶಾಲೆ ಎಲ್ಲವೂ ಒಂದೆಡೆ ದೊರೆಯುತ್ತವೆ. ದೇಶಕ್ಕೆ ಬೇಕಾದ ಶ್ರವಣ ತಜ್ಞರನ್ನೂ ಅದು ಸಿದ್ಧಗೊಳಿಸುತ್ತಿದೆ. ಕೆಲವು ಕಾಲ ಅದರ ನಿರ್ದೇಶಕರಾಗಿದ್ದ ಪ್ರೊ. ನ. ರತ್ನ ಅವರು ಕನ್ನಡ ರಂಗಭೂಮಿಯ ನಟರೂ ನಿರ್ದೇಶಕರೂ ಹೌದು. ನುಡಿಯ ಬೆಲೆ ಬಲ್ಲವರು ಮಾತು ಬಾರದ ಮಕ್ಕಳ ಕೆಲಸಕ್ಕೆ ತೊಡಗಿದ್ದು ಉಚಿತವೇ ಆಗಿತ್ತು.

ಘಟ್ಟದ ಮೇಲಿನ ಧಾರವಾಡದಲ್ಲಿಯೂ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿ ಆಶಾನಿಕೇತನವೆಂಬ ಕಿವುಡ ಮಕ್ಕಳ ಶಾಲೆಯಿದೆ. ಅಲ್ಲಿಯೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಹೊಂದಿಕೊಂಡ ಜಿಲ್ಲಾ ಆಸ್ಪತ್ರೆಯೂ ಇದೆ. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರು ಮಾತ್ರ. ಇಂದಿನ ತಾಯಿಗೆ ಮುಂಬಯಿಯ ದೂರವಿಲ್ಲ. ಆದರೂ ಮಗು ತಡವಾಗಿ ಆಸ್ಪತ್ರೆಗೆ ಬರುವುದೇಕೆ? ಮನೆಗೂ ಆಸ್ಪತ್ರೆಗೂ ನಡುವೆ ಕೈಹಿಡಿದು ನಡೆಸುವವರು ಇಲ್ಲದಿರುವುದು ಒಂದು ದೊಡ್ಡ ಕಾರಣ. ಆ ಕೈ ತಂದೆತಾಯಿಯರ ಸಂಘದ್ದಾಗಬಹುದು.

5. ತಾಯಂದಿರೇ ಕಟ್ಟಿದ ಸಂಸ್ಥೆಗಳು

ಮೈಸೂರಿನಲ್ಲಿ ಕಿವುಡ ಮಕ್ಕಳ ತಂದೆತಾಯಿಯರ ಸಂಘವು ರೋಟರಿ ಸಂಸ್ಥೆಯ ಸಹಕಾರದಿಂದ ಒಂದು ಶಾಲೆಯನ್ನು ನಡೆಸಿಕೊಂಡು ಬಂದಿದೆ. ಜನರು ಅದನ್ನು ತಾಯಂದಿರ ಶಾಲೆ ಎಂದೇ ಕರೆಯುತ್ತಾರೆ. ಅಲ್ಲಿ ಮಗುವಿನೊಡನೆ ತಾಯಿಯೂ ಶಾಲೆಗೆ ಬರಬೇಕು. ಅವಳು ಮೊದಲು ವಿದ್ಯಾರ್ಥಿನಿ, ಅನಂತರ ಶಿಕ್ಷಕಿ. ಕಲಿಸುವ ಕ್ರಮವನ್ನು ಕಲಿತು, ತನ್ನ ಮಗುವಿಗೂ ಇತರರ ಮಕ್ಕಳಿಗೂ ಮಾತು ಕಲಿಸುತ್ತಾಳೆ. ದೂರದ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ತಾಯಂದಿರು ಬಂದು, ಮೈಸೂರಿನಲ್ಲಿ ತಂಗಿ, ಮಗು ಸಾಮಾನ್ಯ ಶಾಲೆಗೆ ಸೇರಲು ಅಣಿಯಾಗುವವರೆಗೆ ದುಡಿದಿದ್ದಾರೆ. ಗಂಡ ಊರಿನಲ್ಲಿ ದುಡಿದು ಹಣ ಕಳಿಸುವುದು, ಹೆಂಡತಿ ಪರವೂರಿನಲ್ಲಿ ಮಗುವಿಗೆ ಪಾಠ ಹೇಳುವುದು, ಇದು ಸುಲಭವಾದ ಸಂಸಾರವಲ್ಲ. ಆದರೆ ಅದನ್ನು ನಡೆಸಿ ತೋರಿಸಿದ ದಂಪತಿಗಳು ನಮ್ಮ ನಡುವೆಯೇ ಇದ್ದಾರೆ.

ಹೊರದೇಶದ ಒಂದು ಉದಾಹರಣೆಯನ್ನೂ ನೋಡೋಣ. ಅಮೆರಿಕದ ಪ್ರಸಿದ್ಧ ಚಲನಚಿತ್ರ ನಟ ಸ್ಪೆನ್ಸರ್ ಟ್ರೇಸಿ ಅವರ ಮಗ ಜಾನ್ 1924ರಲ್ಲಿ ಜನಿಸಿದನು. ಮಗುವಿಗೆ ಸುಮಾರು ಹತ್ತು ತಿಂಗಳಾಗಿದ್ದಾಗ ಬಾಗಿಲು ಧಡಾರನೆ ಬಡಿದುಕೊಂಡರೂ ಅದು ಏಳದಿದ್ದುದನ್ನು ತಾಯಿ ಲೂಯಿಸ್ ಟ್ರೇಸಿ ಗಮನಿಸಿದರು. ಮಗುವಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದ ಮೇಲೆ ಅವರು ತಾವೇ ಕಲಿತು ಮಗನಿಗೆ ಕಲಿಸಿದರು. 1942ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಕೆಲವು ತಾಯಂದಿರನ್ನು ಕೂಡಿಸಿಕೊಂಡು ಮಗನ ಹೆಸರಿನ ಸಂಸ್ಥೆಯನ್ನು ಆರಂಭಿಸಿದರು. ದೂರದಲ್ಲಿರುವ ತಂದೆತಾಯಿಯರಿಗೆ ಅಂಚೆಯ ಮೂಲಕ ಪಾಠಗಳನ್ನು ಉಚಿತವಾಗಿ ಕಳಿಸುವ ಏರ್ಪಾಡನ್ನೂ ಆ ಸಂಸ್ಥೆ ಮಾಡಿತು. ಇಂಗ್ಲೆಂಡಿನಲ್ಲಿ ಯುದ್ಧ ಇನ್ನೂ ಮುಗಿಯದ 1944ರಲ್ಲಿ ಕೆಲವು ತಂದೆತಾಯಿಯರು ಸೇರಿ ಕಿವುಡ ಮಕ್ಕಳ ಸಂಘವೊಂದನ್ನು ಕಟ್ಟಿದರು. ಅದು ಇಂದು ಆ ದೇಶದ ದೊಡ್ಡ ಸೇವಾ ಸಂಸ್ಥೆಗಳಲ್ಲೊಂದು.

"ಅವರು ಓದಿದವರು, ಹಣವುಳ್ಳವರು, ನಾವೇನು ಮಾಡಬಲ್ಲೆವು?" ಎಂದು ನೀವು ಕೇಳಬಹುದು. ಅಂಕೋಲೆಯ ಜನರು ಹೀಗೆ ಕೇಳಬೇಕಾಗಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕಕ್ಕೆ ದಾರಿ ತೋರಿಸಿದ ಊರು ಇದು. ಅಂದು ಉಪ್ಪು ಎತ್ತಿದ ಕೈಗಳಲ್ಲಿ ಹೆಚ್ಚಿನವು ರೈತರವು, ಕೂಲಿಗಾರರವು. ಇದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ಶಾಲೆ ಕಂಡವರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವಾಗಿದ್ದ ಅವರು ತಮ್ಮ ಊರಿನಲ್ಲಿ ಮದ್ಯಪಾನದ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿ ನಡೆಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. 2025ರಲ್ಲಿ ಅವರು ತೀರಿಕೊಂಡರು. ಮುಂದಾಳ್ತನಕ್ಕೆ ಬೇಕಾದುದು ಪದವಿಯಲ್ಲ. ಅನುಭವಿಸಿದ ನೋವನ್ನು ಇನ್ನೊಬ್ಬರು ಅನುಭವಿಸದಿರಲಿ ಎಂಬ ಹಂಬಲ ಮತ್ತು ಜನರ ವಿಶ್ವಾಸ ಇವೆರಡಿದ್ದರೆ ಕೆಲಸ ಆರಂಭವಾಗುತ್ತದೆ.

6. ಸಂಘವನ್ನು ಕಟ್ಟುವ ಕ್ರಮ

ಬೊಬ್ರುವಾಡ ಒಂದೇ ಊರಿನಲ್ಲಿ ಕಿವಿ ಕೇಳದ ಮಕ್ಕಳು ಒಬ್ಬಿಬ್ಬರಿರಬಹುದು, ಇಲ್ಲದಿರಲೂಬಹುದು. ಆದ್ದರಿಂದ ತಾಲ್ಲೂಕನ್ನು ಘಟಕವಾಗಿಟ್ಟುಕೊಳ್ಳುವುದು ಉಚಿತ.

ಮೊದಲನೆಯದಾಗಿ, ಮನೆಗಳನ್ನು ಹುಡುಕಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಈ ಮೂವರಿಗೆ ಊರಿನ ಪ್ರತಿಯೊಂದು ಮನೆಯೂ ಗೊತ್ತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕೆಂಬ ನಿಯಮವಿದೆ. ಆ ದಿನ ಅನುಮಾನವುಳ್ಳ ಮಕ್ಕಳೆಲ್ಲರೂ ಹಾಜರಿರುವಂತೆ ನೋಡಿಕೊಳ್ಳುವುದೇ ಸಂಘದ ಮೊದಲ ಸೇವೆ.

ಎರಡನೆಯದಾಗಿ, ತಿಂಗಳಿಗೊಮ್ಮೆ ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಕೂಡಬೇಕು. ಶಾಲೆಯ ಜಗಲಿಯಾದರೂ ಸಾಕು. ಮೊದಲ ಸಭೆಗಳಲ್ಲಿ ಭಾಷಣ ಬೇಡ. ಪ್ರತಿಯೊಬ್ಬ ತಾಯಿಯೂ ತನ್ನ ಮಗುವಿನ ವಿಷಯ ಹೇಳಲಿ. ತನ್ನ ಮನೆಯಲ್ಲಿ ಮಾತ್ರ ಹೀಗಾಗಿದೆ ಎಂಬ ಒಂಟಿತನ ಕಳೆಯುವುದೇ ಅರ್ಧ ಔಷಧ.

ಮೂರನೆಯದಾಗಿ, ಚಿಕ್ಕ ನಿಧಿಯನ್ನು ಕೂಡಿಸಬೇಕು. ಒಂಬತ್ತು ಮನೆಗಳು ತಿಂಗಳಿಗೆ 50 ರೂಪಾಯಿಯಂತೆ ಹಾಕಿದರೆ ತಿಂಗಳಿಗೆ 450 ರೂಪಾಯಿ, ವರ್ಷಕ್ಕೆ 5,400 ರೂಪಾಯಿ ಆಗುತ್ತದೆ. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ ತಾಯಿಯ ಬಸ್ಸಿನ ಖರ್ಚು ಉಳಿಯಿತು. ಶ್ರವಣ ಸಾಧನದ ಬ್ಯಾಟರಿ, ಕಿವಿಯ ಅಚ್ಚು, ಆಸ್ಪತ್ರೆಗೆ ಹೋದ ದಿನ ತಪ್ಪಿದ ಕೂಲಿ, ಇವುಗಳಿಗೆ ನಿಧಿಯನ್ನು ಬಳಸಬಹುದು. ಎಷ್ಟೋ ಶ್ರವಣ ಸಾಧನಗಳು ಬ್ಯಾಟರಿ ಮುಗಿದ ಕಾರಣಕ್ಕಾಗಿಯೇ ಪೆಟ್ಟಿಗೆ ಸೇರುತ್ತವೆ. ಸಾಧನ ಕೊಡಿಸುವುದು ದೊಡ್ಡ ದಾನವೆನಿಸಿಕೊಳ್ಳುತ್ತದೆ. ಅದು ಪ್ರತಿದಿನ ನಡೆಯುವಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಸೇವೆ.

ನಾಲ್ಕನೆಯದಾಗಿ, ಕೆಲಸ ಗಟ್ಟಿಯಾದ ಮೇಲೆ ನೋಂದಣಿ ಮಾಡಿಸಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಏಳು ಅಥವಾ ಹೆಚ್ಚು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಉದ್ದೇಶಪತ್ರ, ನಿಯಮಾವಳಿ, ವಾರ್ಷಿಕ ಸಭೆ, ಲೆಕ್ಕ ಪರಿಶೋಧನೆ ಇವೆಲ್ಲ ಅಗತ್ಯ. ಮುಂದೆ ಶಾಲೆಯನ್ನೋ ತರಬೇತಿ ಕೇಂದ್ರವನ್ನೋ ನಡೆಸುವುದಾದರೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ ಪ್ರತ್ಯೇಕ ನೋಂದಣಿ ಪತ್ರವನ್ನು ಪಡೆಯಬೇಕು.

ಐದನೆಯದಾಗಿ, ಸರ್ಕಾರದ ನೆರವನ್ನು ಮನೆಗೆ ತಲಪಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ ಶೇಕಡಾ 40 ಅಥವಾ ಹೆಚ್ಚಿನ ನ್ಯೂನತೆಯಿದೆಯೆಂದು ಪ್ರಮಾಣಪತ್ರ ದೊರೆತರೆ ಗುರುತಿನ ಚೀಟಿ, ಮಾಸಾಶನ, ಬಸ್ ಪಾಸು, ಶ್ರವಣ ಸಾಧನ ಮೊದಲಾದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಶ್ರವಣ ಸಾಧನದಿಂದಲೂ ಕೇಳದ ಚಿಕ್ಕ ಮಕ್ಕಳಿಗೆ ಒಳಗಿವಿಯ ಕಾಕ್ಲಿಯರ್ ಸಾಧನವನ್ನು ಅಳವಡಿಸುವ ಶಸ್ತ್ರಚಿಕಿತ್ಸೆಗೆ ಕೇಂದ್ರ ಸರ್ಕಾರದ ನೆರವೂ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯೂ ಇವೆ. ಇವುಗಳಿಗೆ ವಯಸ್ಸಿನ ಮಿತಿಯಿದೆ. ತಡಮಾಡಿದ ಮಗುವಿಗೆ ಬಾಗಿಲು ಮುಚ್ಚಿರುತ್ತದೆ. ಶಸ್ತ್ರಚಿಕಿತ್ಸೆಯಾದ ಕೂಡಲೇ ಮಾತು ಬರುವುದಿಲ್ಲ, ವರ್ಷಗಟ್ಟಲೆ ತರಬೇತಿ ಬೇಕು, ಹೊರಗಿನ ಯಂತ್ರದ ಭಾಗಗಳಿಗೆ ಮುಂದೆಯೂ ಖರ್ಚು ಬರುತ್ತದೆ. ಈ ಮೂರು ಮಾತುಗಳನ್ನು ಸಂಘದವರು ದಂಪತಿಗಳಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು.

7. ಮುಂದಾಳು ಹೇಗಿರಬೇಕು?

ಸಂಘಗಳು ಹುಟ್ಟುವುದು ಸುಲಭ, ಬಾಳುವುದು ಕಷ್ಟ. ಹುಟ್ಟುಹಾಕಿದವರ ಮಗು ದೊಡ್ಡದಾಗಿ ಶಾಲೆಗೆ ಸೇರಿದ ಮೇಲೆ ಅವರ ಉತ್ಸಾಹ ತಗ್ಗುತ್ತದೆ. ಅವರ ಹಿಂದೆ ಯಾರೂ ಸಿದ್ಧರಾಗಿರದಿದ್ದರೆ ಸಂಘ ಅಲ್ಲಿಗೇ ನಿಲ್ಲುತ್ತದೆ. ಆಗ ಹೊಸದಾಗಿ ಹುಟ್ಟಿದ ಕಿವಿ ಕೇಳದ ಮಗುವಿನ ತಾಯಿ ಮತ್ತೆ ಒಂಟಿಯಾಗುತ್ತಾಳೆ. ಇದನ್ನು ತಪ್ಪಿಸಲು ಕೆಲವು ನಿಯಮಗಳನ್ನು ಪಾಲಿಸಬೇಕು.

(ಅ) ಅಧ್ಯಕ್ಷಸ್ಥಾನ ಅವಧಿಯುಳ್ಳದ್ದಾಗಿರಲಿ. ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಲಿ. ಚಿಕ್ಕ ಮಗುವಿನ ತಾಯಿಯೊಬ್ಬಳು ಸದಾ ಕಾರ್ಯಕಾರಿ ಸಮಿತಿಯಲ್ಲಿರಲಿ.

(ಆ) ಹಣದ ಲೆಕ್ಕವನ್ನು ಪ್ರತಿ ಸಭೆಯಲ್ಲಿಯೂ ಗಟ್ಟಿಯಾಗಿ ಓದಿ ಹೇಳಲಿ. ಬ್ಯಾಂಕಿನ ಖಾತೆಗೆ ಇಬ್ಬರ ಸಹಿಯಿರಲಿ, ಆ ಇಬ್ಬರು ಒಂದೇ ಮನೆಯವರಾಗದಿರಲಿ.

(ಇ) ದೇಣಿಗೆಗಾಗಿ ಮಗುವನ್ನು ವೇದಿಕೆಯ ಮೇಲೆ ನಿಲ್ಲಿಸಿ ಕನಿಕರ ಬೇಡುವುದು ಸಲ್ಲದು. ಮಗುವಿಗೆ ಮಾತು ಕೇಳಿಸದಿರಬಹುದು, ಅವಮಾನ ತಿಳಿಯುತ್ತದೆ.

(ಈ) ಕಿವಿ ಕೇಳದ ವಯಸ್ಕರನ್ನು ಸಮಿತಿಗೆ ಸೇರಿಸಿಕೊಳ್ಳಬೇಕು. ಮಗುವಿನ ಮುಂದಿನ ಬಾಳು ಹೇಗಿರುತ್ತದೆಂದು ನಿಜವಾಗಿ ಬಲ್ಲವರು ಅವರೇ.

(ಉ) ಮಾತಿನ ಮಾರ್ಗವೇ ಸರಿ, ಸನ್ನೆಯ ಮಾರ್ಗವೇ ಸರಿ ಎಂದು ಮುಂದಾಳು ಹಟ ಹಿಡಿಯಬಾರದು. ಭಾರತೀಯ ಸನ್ನೆ ಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. ಅದರ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಕೇಂದ್ರ ಸ್ಥಾಪಿತವಾಗಿದೆ. ಕೆಲವು ಮಕ್ಕಳಿಗೆ ಮಾತು ಒದಗುತ್ತದೆ, ಕೆಲವರಿಗೆ ಸನ್ನೆ, ಹಲವರಿಗೆ ಎರಡೂ. ಯಾವ ಮಗುವೂ ಭಾಷೆಯೇ ಇಲ್ಲದೆ ಬೆಳೆಯಬಾರದು ಎಂಬುದೇ ಗುರಿ.

(ಊ) ಮದ್ದು, ಮಂತ್ರ, ತಾಯಿತಗಳಿಂದ ಕಿವಿ ಬರಿಸುತ್ತೇವೆನ್ನುವವರನ್ನು ಸಂಘದ ಹೊಸ್ತಿಲ ಒಳಗೆ ಬಿಡಬಾರದು.

8. ಮನೆಯೇ ಮೊದಲ ಶಾಲೆ

ಸಂಘವಿರಲಿ, ಆಸ್ಪತ್ರೆಯಿರಲಿ, ಮಗು ದಿನದ ಬಹುಪಾಲು ಕಾಲ ಮನೆಯಲ್ಲಿಯೇ ಇರುತ್ತದೆ. ಆದುದರಿಂದ ಕೆಳಗಿನ ಅಭ್ಯಾಸಗಳು ಮುಖ್ಯ.

ಮಗು ಎಚ್ಚರವಿರುವಷ್ಟು ಹೊತ್ತೂ ಶ್ರವಣ ಸಾಧನ ಕಿವಿಯಲ್ಲಿರಬೇಕು. ಸ್ನಾನಕ್ಕೆ, ಮಲಗುವುದಕ್ಕೆ ಮಾತ್ರ ತೆಗೆಯಬೇಕು. ಕರಾವಳಿಯ ಸೆಕೆ, ಬೆವರು, ಮಳೆಗಾಲದ ತೇವಗಳಿಂದ ಸಾಧನ ಬೇಗ ಕೆಡುತ್ತದೆ. ರಾತ್ರಿ ಅದನ್ನು ಒರೆಸಿ, ಬ್ಯಾಟರಿಯ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಒಲೆಯ ಹತ್ತಿರ ಒಣಗಿಸಬಾರದು. ಬ್ಯಾಟರಿಯಾಗಲಿ ಆ ಹರಳಾಗಲಿ ಮಕ್ಕಳ ಕೈಗೆ ಸಿಗಬಾರದು. ಮಗು ಬೆಳೆದಂತೆ ಕಿವಿಯ ಅಚ್ಚನ್ನು ಬದಲಿಸಬೇಕು. ಸಾಧನ ಕೂಗುಟ್ಟತೊಡಗಿದರೆ ಅಚ್ಚು ಸಡಿಲವಾಗಿರಬಹುದೆಂದು ತಿಳಿಯಬೇಕು.

ಮಗುವಿನ ಎದುರಿಗೆ, ಬೆಳಕಿನಲ್ಲಿ, ಅದರ ಎತ್ತರಕ್ಕೆ ಕುಳಿತು ಮಾತನಾಡಬೇಕು. ಬೇರೆ ಪಾಠದ ವೇಳೆ ಬೇಕಿಲ್ಲ. ಗಂಜಿ ಬಡಿಸುವಾಗ ಗಂಜಿಯ ಮಾತು, ಬಾವಿಯಲ್ಲಿ ನೀರು ಸೇದುವಾಗ ಕೊಡ ಹಗ್ಗಗಳ ಮಾತು, ಮೀನಿನ ಬುಟ್ಟಿ ಬಂದಾಗ ಬಂಗಡೆ ತಾರಲೆಗಳ ಮಾತು. ಒಂದೇ ಮಾತನ್ನು ನೂರು ಸಲ ಕೇಳಿದ ಮೇಲೆ ಮಗು ಅದನ್ನು ಒಂದು ಸಲ ನುಡಿಯಬಹುದು. ಆ ನೂರನ್ನು ತಾಯಿಯೊಬ್ಬಳೇ ಹೇಳಬೇಕಾಗಿಲ್ಲ. ಅಪ್ಪ, ಅಜ್ಜಿ, ಅಣ್ಣ, ಅಕ್ಕ ಎಲ್ಲರೂ ಹಂಚಿಕೊಳ್ಳಲಿ.

ಮುಂದಿನ ಮಗುವಿನ ವಿಷಯದಲ್ಲಿ ದಂಪತಿಗಳು ಆತುರಪಡಬಾರದು. "ಇದು ಹೀಗಾಯಿತು, ಬೇಗ ಇನ್ನೊಂದಾಗಲಿ" ಎಂದು ಹಿರಿಯರು ಒತ್ತಾಯಿಸುವುದುಂಟು. ಆದರೆ ಮೊದಲ ಮಗುವಿಗೆ ಮಾತು ಕಲಿಸುವ ವರ್ಷಗಳಲ್ಲಿ ತಾಯಿಗೆ ಬಿಡುವೂ ಬಲವೂ ಬೇಕು. ಕನಿಷ್ಠ ಮೂರು ವರ್ಷಗಳ ಅಂತರ ಇಬ್ಬರು ಮಕ್ಕಳಿಗೂ ಹಿತ. ಅದಕ್ಕೆ ಬೇಕಾದ ತಾತ್ಕಾಲಿಕ ವಿಧಾನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಮುಂದಿನ ಗರ್ಭಕ್ಕೆ ಮುನ್ನ ವೈದ್ಯರಿಂದ ವಂಶವಾಹಿ ಸಲಹೆ ಪಡೆಯಬೇಕು, ಹುಟ್ಟಿದ ಮಗುವಿನ ಕಿವಿಯನ್ನು ಮೊದಲ ತಿಂಗಳಲ್ಲಿಯೇ ಪರೀಕ್ಷಿಸಬೇಕು.

9. ಉಪಸಂಹಾರ

ಆರಂಭದಲ್ಲಿ ಹೇಳಿದ ಮನೆಗೆ ಮರಳೋಣ. ಆ ತಾಯಿ ಮಳೆಗಾಲ ಮುಗಿಯುವವರೆಗೆ ಕಾಯದೆ ಆಶಾ ಕಾರ್ಯಕರ್ತೆಯ ಮನೆಗೆ ಹೋದಳೆಂದು ಭಾವಿಸೋಣ. ಮರುವಾರ ಗಂಡನೂ ಒಂದು ದಿನದ ದುಡಿಮೆ ಬಿಟ್ಟು ಕಾರವಾರದ ಬಸ್ಸು ಹತ್ತಿದನು. ಮನೆಗೆ ಹಿಂದಿರುಗಿದಾಗ ಬಾಗಿಲಿನಲ್ಲಿ ಕಾದಿದ್ದ ಅತ್ತೆ, "ಏನೆಂದರು?" ಎಂದು ಕೇಳಿದರು. ಉತ್ತರ ಸುಖದ್ದಾಗಿರಲಿಲ್ಲ. ಆದರೆ ಹತ್ತು ತಿಂಗಳಿಗೆ ತಿಳಿದ ದುಃಖಕ್ಕೆ ದಾರಿಗಳಿವೆ. ಐದು ವರ್ಷಕ್ಕೆ ತಿಳಿದ ದುಃಖಕ್ಕೆ ಅವುಗಳಲ್ಲಿ ಅನೇಕ ಮುಚ್ಚಿಹೋಗಿರುತ್ತವೆ. ಮುಂದೊಂದು ದಿನ ಇನ್ನೊಬ್ಬ ತಾಯಿಯ ಅನುಮಾನವನ್ನು ಕೇಳಿ, "ನಾಳೆಯೇ ಹೋಗೋಣ, ನಾನೂ ಬರುತ್ತೇನೆ ತಂಗಿ" ಎಂದು ಈ ತಾಯಿ ಹೇಳಿದರೆ, ಅಲ್ಲಿಯೇ ಒಂದು ಸಂಘದ ಆರಂಭ. ಅವಳೇ ಅದರ ಮುಂದಾಳು.

ನೆನಪಿನಲ್ಲಿಡಿ

1. ಕಿವಿಯ ಬಗೆಗಿನ ಅನುಮಾನವನ್ನು ಒಂದು ದಿನವೂ ಮುಂದೂಡಬೇಡಿ.
2. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು: ಈ ಮೂರು ಗಡಿಗಳನ್ನು ಮರೆಯಬೇಡಿ.
3. ದೋಷವನ್ನು ತಾಯಿಯ ಮೇಲೆ ಹೊರಿಸಬೇಡಿ. ಕಲಿಸುವ ಕೆಲಸವನ್ನು ಅವಳೊಬ್ಬಳಿಗೇ ಬಿಡಬೇಡಿ.
4. ಸಾಧನ ಪಡೆದರೆ ಸಾಲದು, ಅದು ದಿನವೂ ನಡೆಯುತ್ತಿರಬೇಕು.
5. ನಿಮ್ಮ ಮಗು ದಡ ಸೇರಿದ ಮೇಲೆ ಇನ್ನೊಂದು ಮನೆಯ ಮಗುವಿಗೆ ಕೈನೀಡಿ.

ಚರ್ಚೆಗಾಗಿ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಎರಡು ವರ್ಷವಾದರೂ ಮಾತನಾಡದ ಮಕ್ಕಳಿದ್ದಾರೆಯೇ? ಅವರ ಶ್ರವಣ ಪರೀಕ್ಷೆ ಆಗಿದೆಯೇ?
2. ಪಾಠದಲ್ಲಿನ ಗಂಡ "ಮಳೆಗಾಲ ಮುಗಿಯಲಿ" ಎಂದುದು ಏಕೆ? ಅವನ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?
3. ಸಂಘದ ಹಣದ ಲೆಕ್ಕವನ್ನು ಪ್ರತಿ ಸಭೆಯಲ್ಲಿಯೂ ಓದುವುದರಿಂದ ಆಗುವ ಪ್ರಯೋಜನಗಳನ್ನು ಹೇಳಿರಿ.
4. ನಿಮ್ಮ ತಾಲ್ಲೂಕಿನಲ್ಲಿ ತಂದೆತಾಯಿಯರ ಸಂಘ ಆರಂಭವಾಗುವುದಾದರೆ ಮೊದಲ ಸಭೆಗೆ ಯಾರನ್ನು ಕರೆಯುವ��ರಿ?